ಪಾರ್ಕಿನ್ಸನ್ ಇರುವ ಮಾವನಿಗೆ ನಮ್ಮ ಮುಖ ನೋಡಿದರೆ ಏನೂ ತಿಳಿಯುವುದಿಲ್ಲವೇ?

ಪೆರ್ಲದ ಸೊಸೆ

ಎಲ್ಲರಿಗೂ ನಮಸ್ಕಾರ. ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಪೆರ್ಲದ ಹತ್ತಿರ. ಮಾವನಿಗೆ 74 ವರ್ಷ. ಪಾರ್ಕಿನ್ಸನ್ ಎಂದು ಗೊತ್ತಾಗಿ ಕೆಲವು ವರ್ಷಗಳಾದವು. ಮಂಗಳೂರಿನ ನರರೋಗ ತಜ್ಞರೊಬ್ಬರ ಔಷಧಿ ನಡೆಯುತ್ತಿದೆ. ಕೈ ನಡುಕ, ನಡಿಗೆ ಒಂದು ಮಟ್ಟಕ್ಕೆ ಹತೋಟಿಯಲ್ಲಿವೆ. ನಾನು ಕೇಳಬೇಕೆಂದಿರುವುದು ಬೇರೆ ವಿಷಯ.

ಮಾವ ಅಡಿಕೆ ವ್ಯಾಪಾರಿಯಾಗಿದ್ದವರು. ಬದಿಯಡ್ಕದಲ್ಲಿ ಅಂಗಡಿ ಇತ್ತು. ಅಡಿಕೆ ತಂದವನು ಜೀಪಿನಿಂದ ಗೋಣಿ ಇಳಿಸುವ ಮೊದಲೇ ಅವನ ಮುಖ ನೋಡಿ, ಇವನಿಗೆ ಇವತ್ತೇ ದುಡ್ಡು ಬೇಕು, ಇವನು ಪುತ್ತೂರಿನ ಧಾರಣೆ ವಿಚಾರಿಸಿಕೊಂಡೇ ಬಂದಿದ್ದಾನೆ ಎಂದು ಹೇಳಿಬಿಡುತ್ತಿದ್ದರಂತೆ. ನಾನು ಮದುವೆಯಾಗಿ ಬಂದ ಹೊಸದರಲ್ಲಿ ತವರಿನ ನೆನಪಾಗಿ ಮುಖ ಸಣ್ಣದು ಮಾಡಿಕೊಂಡರೆ ಅತ್ತೆಗಿಂತ ಮೊದಲು ಮಾವನಿಗೆ ಗೊತ್ತಾಗುತ್ತಿತ್ತು. "ನಾಳೆ ಸುಳ್ಯದ ಬಸ್ಸಿಗೆ ಹೋಗಿ ಬಾ" ಎನ್ನುತ್ತಿದ್ದರು. ಅಷ್ಟೇ, ಬೇರೆ ಮಾತಿಲ್ಲ.

ಈಗ ಹಾಗಿಲ್ಲ. ಇತ್ತೀಚೆಗೆ ನನ್ನ ಅಮ್ಮನನ್ನು ಐಸಿಯುಗೆ ಸೇರಿಸಿದರೆಂದು ಸಂಜೆ ಹೊತ್ತು ಫೋನ್ ಬಂತು. ಮಾವ ಚಾವಡಿಯಲ್ಲಿ ಕುಳಿತಿದ್ದರು. ಬಾಯಿ ತೆರೆದರೆ ಅಳು ಬರುತ್ತದೆಂದು ನಾನು ಅಂಗಳದ ಕಡೆಗೆ ಬೆನ್ನು ಹಾಕಿ ಅವರೆದುರು ಸುಮ್ಮನೆ ನಿಂತೆ. ಅವರು ನನ್ನ ಮುಖವನ್ನೇ ನೇರವಾಗಿ ನೋಡಿದರು. ಕಣ್ಣು ಮಿಟುಕಿಸಲೂ ಇಲ್ಲ. "ಗಂಟೆ ನಾಲ್ಕಾಯಿತಲ್ಲ, ಚಾಯ ಆಗಲಿಲ್ಲವೇ?" ಎಂದರು. ನನ್ನ ಗಂಡ ಅಲ್ಲೇ ಇದ್ದರು. ಅಪ್ಪನಿಗೆ ಈಗ ತನ್ನ ಗುಳಿಗೆ, ತನ್ನ ಚಾಯ ಬಿಟ್ಟರೆ ಬೇರೆ ಲೋಕವೇ ಇಲ್ಲ ಎಂದು ಕೂಗಾಡಿದರು. ಆ ಕೂಗಿಗೂ ಮಾವನ ಮುಖದಲ್ಲಿ ಏನೂ ಕಾಣಲಿಲ್ಲ. ಆಮೇಲೆ ನಾನು ಅಮ್ಮನ ವಿಷಯ ಬಾಯಿಬಿಟ್ಟು ಹೇಳಿದಾಗ ಕೋಲೂರಿಕೊಂಡು ಒಳಗೆ ಹೋದವರು, ಕಪಾಟಿನಲ್ಲಿದ್ದ ದುಡ್ಡಿನ ಲಕೋಟೆಯನ್ನು ತಂದು ನನ್ನ ಕೈಗಿಟ್ಟು "ಆಸ್ಪತ್ರೆಯಲ್ಲಿ ಮೊದಲು ಇದನ್ನೇ ಕೇಳುತ್ತಾರೆ" ಎಂದರು. ಆಗಲೂ ಮುಖ ಹಾಗೆಯೇ ಇತ್ತು.

ಕಣ್ಣಿನ ತೊಂದರೆ ಎಂದು ತೋರುವುದಿಲ್ಲ. ಒಂದು ಹಿಡಿ ಅಡಿಕೆ ಎದುರಿಗಿಟ್ಟರೆ ಪಟೋರ, ಉಳ್ಳಿಗಡ್ಡೆ, ಕರಿಗೋಟು ಎಂಬ ದರ್ಜೆಗಳನ್ನೆಲ್ಲ ಈಗಲೂ ಬೇರೆ ಮಾಡುತ್ತಾರೆ, ಕೈ ನಡುಗುತ್ತಿದ್ದರೂ. ಜನರ ಗುರುತೂ ತಪ್ಪುವುದಿಲ್ಲ. ನಾದಿನಿಯ ಮಗಳು ನರ್ಸಿಂಗ್ ಓದುತ್ತಿದ್ದಾಳೆ. ಅವಳು ರಜೆಯಲ್ಲಿ ಬಂದಾಗ ಮೊಬೈಲಿನಲ್ಲಿ ಬೇರೆ ಬೇರೆ ಮುಖಭಾವದ ಚಿತ್ರಗಳನ್ನು ತೋರಿಸಿದಳು. ನಗುವ ಮುಖವನ್ನು ಕೂಡಲೇ ಹೇಳಿದರು. ಹೆದರಿದ ಮುಖಕ್ಕೆ "ಆಶ್ಚರ್ಯ" ಎಂದರು. ಅಸಹ್ಯದ ಮುಖಕ್ಕೆ "ಸಿಟ್ಟು" ಎಂದರು. ನಿಜವಾದ ಸಿಟ್ಟಿನ ಮುಖಕ್ಕೆ "ಏನಿಲ್ಲ, ಸುಮ್ಮನೆ ನೋಡುತ್ತಿದ್ದಾನೆ" ಎಂದರು. ದುಃಖದ ಮುಖವನ್ನು ಬಹಳ ಹೊತ್ತು ನೋಡಿ "ಇವಳಿಗೆ ನಿದ್ದೆ ಬರುತ್ತಿದೆ" ಎಂದರು.

ಇದು ಪಾರ್ಕಿನ್ಸನ್‌ನದೇ ಭಾಗವೇ, ಮರೆವಿನ ಕಾಯಿಲೆಯೇ ಅಥವಾ ವಯಸ್ಸಿನ ಸ್ವಭಾವವೇ? ಹಿಂದೆ ಒಂದು ಶಿಬಿರದಲ್ಲಿ ನೆನಪಿನ ಪರೀಕ್ಷೆ ಮಾಡಿ, ಅಂಕ ಕಡಿಮೆ ಬಂದಿದೆ, ಮರೆವು ಶುರುವಾಗಿದೆ ಎಂದಿದ್ದರು. ಆದರೆ ಪ್ರಶ್ನೆಗಳನ್ನೆಲ್ಲ ಕೇಳಿದ್ದು ಮಲಯಾಳದಲ್ಲಿ. ಮಾವ ಮಲಯಾಳದಲ್ಲಿ ವ್ಯಾಪಾರ ಮಾಡಬಲ್ಲರು. ಆದರೆ ನೂರರಿಂದ ಏಳೇಳು ಕಳೆಯುತ್ತಾ ಬಾ ಎಂದರೆ ಅವರ ಲೆಕ್ಕ ನಡೆಯುವುದು ಕನ್ನಡದಲ್ಲಿ. ತಿಳಿದವರು ಹೇಳಬೇಕು.

ಹಸಿರು ತೋಟ, ಸೀತಾಂಗೋಳಿ

ಅಕ್ಕ, ಇದೆಲ್ಲ ಇಂಗ್ಲಿಷ್ ಗುಳಿಗೆಯ ಅಡ್ಡ ಪರಿಣಾಮ. ನಮ್ಮ ದೊಡ್ಡಪ್ಪನಿಗೂ ನಡುಕ ಇತ್ತು. ನಸುಗುನ್ನಿ ಬೀಜವನ್ನು ಹಾಲಿನಲ್ಲಿ ಬೇಯಿಸಿ ಸಿಪ್ಪೆ ತೆಗೆದು ಪುಡಿ ಮಾಡಿ ಕೊಡುತ್ತಿದ್ದೆವು. ಮಲಯಾಳಿಗಳು ನಾಯ್ಕುರಣ ಎನ್ನುವುದು ಇದನ್ನೇ. ಮಾವನವರಿಗೂ ದಿನಕ್ಕೊಂದು ಚಮಚ ಶುರು ಮಾಡಿ. ಮುಖಭಾವ, ಪರೀಕ್ಷೆ ಎಂದೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ವಯಸ್ಸಾದವರು ಹಾಗೆಯೇ.

ಮುಳ್ಳೇರಿಯದ ಮಾಸ್ತರ

ತಂಗೀ, ನಾನು ನಿವೃತ್ತ ಕನ್ನಡ ಅಧ್ಯಾಪಕ. ಪಾರ್ಕಿನ್ಸನ್ ನನಗೇ ಇದೆ. ಹಾಗಾಗಿ ನಿಮ್ಮ ಮಾವನ ಪಕ್ಷ ವಹಿಸಿಯೇ ಮಾತಾಡುತ್ತೇನೆ.

ಮೊದಲು ಹಸಿರು ತೋಟದವರ ಬಾಬತ್ತು ಮುಗಿಸುತ್ತೇನೆ. ನಸುಗುನ್ನಿ ಬೀಜದಲ್ಲಿ ಲೆವೊಡೋಪ ಎಂಬ ಔಷಧ ವಸ್ತು ಇರುವುದು ನಿಜ. ಡಾಕ್ಟರು ಕೊಡುವ ಗುಳಿಗೆಯಲ್ಲಿರುವುದೂ ಅದೇ ಲೆವೊಡೋಪ. ಒಂದನ್ನು ವಿಷ ಎಂದು ಬೈದು ಇನ್ನೊಂದನ್ನು ಅಮೃತ ಎನ್ನುವುದು ಎಲ್ಲಿಯ ನ್ಯಾಯ? ಗುಳಿಗೆಯಲ್ಲಿ ಎಷ್ಟು ಮಿಲಿಗ್ರಾಂ ಎಂದು ಬರೆದಿರುತ್ತದೆ. ನಿಮ್ಮ ಚಮಚದಲ್ಲಿ ಎಷ್ಟಿದೆ ಎಂದು ಯಾರು ಅಳೆದರು? ಗುಳಿಗೆಯ ಮೇಲೆ ಅದೂ ಸೇರಿದರೆ ಕೈಕಾಲು ತಾನಾಗಿಯೇ ಹೊರಳಾಡಬಹುದು, ಇಲ್ಲದ ಮನುಷ್ಯರು ಕಣ್ಣಿಗೆ ಕಾಣಬಹುದು, ಎದ್ದು ನಿಂತಾಗ ರಕ್ತದೊತ್ತಡ ಇಳಿದು ಬೀಳಬಹುದು. ನಿಮ್ಮ ದೊಡ್ಡಪ್ಪನಿಗೆ ಆಗಿ ಬಂದಿರಬಹುದು, ಸಂತೋಷ. ಡಾಕ್ಟರಿಗೆ ಹೇಳದೆ ಮನೆಯಲ್ಲಿ ಶುರು ಮಾಡುವ ಕೆಲಸವಲ್ಲ ಅದು.

ಇನ್ನು ಮುಖದ ವಿಷಯ. ನಿಮ್ಮ ನಾದಿನಿಯ ಮಗಳು ತೋರಿಸಿದ ಚಿತ್ರಗಳಲ್ಲಿ ಆರು ಭಾವಗಳಿದ್ದಿರಬೇಕು: ಸಂತೋಷ, ದುಃಖ, ಸಿಟ್ಟು, ಭಯ, ಜುಗುಪ್ಸೆ, ಆಶ್ಚರ್ಯ. ಅಮೆರಿಕದ ಪಾಲ್ ಎಕ್ಮನ್ ಎಂಬ ಮನಶ್ಶಾಸ್ತ್ರಜ್ಞ ಮಾಡಿದ ಪಟ್ಟಿ ಅದು. ನಾಟ್ಯಶಾಸ್ತ್ರದಲ್ಲಿ ಭರತನು ಹೇಳಿದ ಎಂಟು ಸ್ಥಾಯಿಭಾವಗಳಲ್ಲಿ ರತಿ ಮತ್ತು ಉತ್ಸಾಹಗಳನ್ನು ಬಿಟ್ಟರೆ ಉಳಿಯುವುದು ಇವೇ ಆರು. ಪಾರ್ಕಿನ್ಸನ್ ಇರುವ ಅನೇಕರಿಗೆ ಇವುಗಳಲ್ಲಿ ಹಾಸವೊಂದು ಬಹುಮಟ್ಟಿಗೆ ಕೈಗೆ ಸಿಗುತ್ತದೆ. ಕ್ರೋಧ, ಭಯ, ಜುಗುಪ್ಸೆ, ಶೋಕ ಜಾರುತ್ತವೆ. ನಿಮ್ಮ ಮಾವನ ಉತ್ತರಗಳನ್ನು ಓದಿದಾಗ ನನ್ನದೇ ಉತ್ತರ ಪತ್ರಿಕೆ ನೋಡಿದಂತಾಯಿತು.

ಒಳಗಿನಿಂದ ಇದು ಹೇಗಿರುತ್ತದೆ ಎಂದು ಹೇಳುತ್ತೇನೆ, ಏಕೆಂದರೆ ಡಾಕ್ಟರುಗಳಿಗೆ ಇದು ಗೊತ್ತಿರುವುದಿಲ್ಲ. ಎದುರಿನ ಮುಖ ಸ್ಪಷ್ಟವಾಗಿ ಕಾಣುತ್ತದೆ. ಯಾರದ್ದೆಂದು ತಿಳಿಯುತ್ತದೆ. ಹುಬ್ಬು ಗಂಟಿಕ್ಕಿದೆ, ತುಟಿ ಬಿಗಿದಿದೆ, ಅದೂ ಕಾಣುತ್ತದೆ. ಆದರೆ ಇವನಿಗೆ ನನ್ನ ಮೇಲೆ ಸಿಟ್ಟು ಬಂದಿದೆ ಎಂಬ ಮಾತು ತಟ್ಟನೆ ಹೊಳೆಯುವುದಿಲ್ಲ. ಕೂಡಿಸಿ, ಕಳೆದು, ಸಿಟ್ಟೇ ಇರಬೇಕು ಎಂದು ನಿರ್ಣಯಕ್ಕೆ ಬರುವಷ್ಟರಲ್ಲಿ ಎದುರಿನವರು ಎದ್ದು ಹೋಗಿರುತ್ತಾರೆ. ನಮ್ಮ ಸಂಘದ ತಾಳಮದ್ದಳೆಯಲ್ಲಿ, ಅಂದರೆ ವೇಷವಿಲ್ಲದೆ ಕುಳಿತು ಮಾತಿನಲ್ಲೇ ನಡೆಸುವ ಯಕ್ಷಗಾನದಲ್ಲಿ, ನಾನು ಕರ್ಣನ ಅರ್ಥ ಹೇಳುತ್ತಿದ್ದೆ. ಹೊತ್ತು ಮೀರುತ್ತಿದೆ, ಮುಗಿಸಿ ಎಂದು ಪದ್ಯ ಹಾಡುವ ಭಾಗವತರು ಕಣ್ಣಿನಲ್ಲೇ ಹೇಳುತ್ತಿದ್ದರಂತೆ, ಒಂದು ಸಲವಲ್ಲ, ಹಲವು ಸಲ. ನಾನು ಶಲ್ಯನಿಗೆ ಇನ್ನೂ ಎರಡು ಪ್ರಶ್ನೆ ಹಾಕಿ ಪೀಠಿಕೆಗೆ ಮರಳಿದೆ. ಕೊನೆಗೆ ಪದ್ಯ ಎತ್ತಿ ನನ್ನ ಮಾತನ್ನು ಕತ್ತರಿಸಬೇಕಾಯಿತು. ಮಾಸ್ತರರಿಗೆ ಅಹಂಕಾರ ಬಂದಿದೆ ಎಂಬ ಸುದ್ದಿ ನನ್ನ ಕಿವಿಗೆ ಬಿದ್ದದ್ದು ಎಷ್ಟೋ ದಿನಗಳ ಮೇಲೆ.

ಇದರ ಜೊತೆಗೆ ನಮ್ಮ ಮುಖವೂ ನಮ್ಮ ಮಾತು ಕೇಳುವುದಿಲ್ಲ. ಸ್ನಾಯುಗಳು ಬಿಗಿದು, ಕಣ್ಣು ಮಿಟುಕಿಸುವುದು ಕಡಿಮೆಯಾಗಿ, ಒಳಗೆ ನಗುತ್ತಿದ್ದರೂ ಹೊರಗೆ ಗುರಾಯಿಸಿದ ಹಾಗೆ ಕಾಣುತ್ತದೆ. ಹೀಗೆ ಎರಡೂ ಕಡೆಯಿಂದ ದಾರಿ ಮುಚ್ಚಿದೆ. ನಿಮ್ಮ ಗಂಡನಿಗೆ ಅಪ್ಪನ ಮುಖದಲ್ಲಿ ಮರುಕ ಕಾಣಲಿಲ್ಲ, ಅಪ್ಪನಿಗೆ ನಿಮ್ಮ ಮುಖದಲ್ಲಿ ದುಃಖ ಕಾಣಲಿಲ್ಲ. ದುಡ್ಡಿನ ಲಕೋಟೆ ತಂದದ್ದು ಯಾರು ಎಂದು ನಿಮ್ಮ ಗಂಡನನ್ನು ಕೇಳಿ.

ನಮ್ಮ ಮನೆಯನ್ನು ನಾನು ಈಗ ತಾಳಮದ್ದಳೆ ಎಂದೇ ಕರೆಯುತ್ತೇನೆ. ವೇಷವಿಲ್ಲ, ಬಣ್ಣವಿಲ್ಲ, ಕಣ್ಣಿನ ಅಭಿನಯವಿಲ್ಲ, ಇರುವುದೆಲ್ಲ ಬಾಯಿಯಲ್ಲೇ. ನನ್ನ ಹೆಂಡತಿಗೆ ಇದು ಮೊದಮೊದಲು ಬಹಳ ನಾಚಿಕೆಯ ಸಂಗತಿಯಾಗಿತ್ತು. ಈಗ ಅಡುಗೆಮನೆಯ ಬಾಗಿಲಲ್ಲಿ ನಿಂತು "ನನಗೆ ಸಿಟ್ಟು ಬಂದಿದೆ, ಯಾಕೆ ಎಂದು ಕೇಳಿ" ಎನ್ನುತ್ತಾಳೆ. ನಾನು ಕೇಳುತ್ತೇನೆ. ಕೆಲವೊಮ್ಮೆ ಕೇಳದಿದ್ದರೇ ಚೆನ್ನಾಗಿತ್ತು ಅನಿಸುತ್ತದೆ, ಅದು ಬೇರೆ.

ಮಂಜೇಶ್ವರದವಳು

ನಾನು ಮಂಗಳೂರಿನಲ್ಲಿ ಸ್ಪೀಚ್ ಥೆರಪಿಸ್ಟ್. ಪಾರ್ಕಿನ್ಸನ್ ಇರುವವರ ದನಿ, ನುಂಗುವಿಕೆ ನನ್ನ ದಿನನಿತ್ಯದ ಕೆಲಸ. ಮಾಸ್ತರರು ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ.

ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆಯನ್ನು ವಿವರಿಸಿದಾಗ ಹೆಚ್ಚು ಬರೆದದ್ದು ನಡುಕ, ಬಾಗಿದ ಬೆನ್ನು, ಓಡುವಂಥ ನಡಿಗೆಗಳ ಬಗ್ಗೆ. ಆದ್ದರಿಂದಲೋ ಏನೋ, ಇಂದಿಗೂ ಜನರಿಗೆ ಇದು ಕೈಕಾಲಿನ ಕಾಯಿಲೆ. ಆದರೆ ಮಿದುಳಿನಲ್ಲಿ ಸಂದೇಶ ಒಯ್ಯುವ ಡೋಪಮಿನ್ ಎಂಬ ರಾಸಾಯನಿಕ ಕಡಿಮೆಯಾದಾಗ ಸೊರಗುವ ಮಿದುಳಿನ ನರಗಳ ಸುತ್ತುಗಳಲ್ಲಿ (ಸರ್ಕ್ಯೂಟ್) ಚಲನೆಯ ಸುತ್ತು ಒಂದು ಮಾತ್ರ. ಭಾವನೆಗೆ ಸಂಬಂಧಿಸಿದ ಸುತ್ತೂ ಮಿದುಳಿನ ಆಳದಲ್ಲಿರುವ ಅದೇ ತಳಭಾಗದ ಗಂಟುಗಳ (ಬೇಸಲ್ ಗ್ಯಾಂಗ್ಲಿಯಾ) ಮೂಲಕ ಹಾದುಹೋಗುತ್ತದೆ. ಭಯವನ್ನು ಗುರುತಿಸಲು ಬೇಕಾದ ಅಮಿಗ್ಡಲ ಎಂಬ ಭಾಗದಲ್ಲೂ ಈ ಕಾಯಿಲೆಯ ಗುರುತುಗಳು ಕಾಣಸಿಗುತ್ತವೆ. 2010ರಲ್ಲಿ ಮೂವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಪಾರ್ಕಿನ್ಸನ್ ಇರುವವರಿಗೆ ಮುಖದಿಂದಲೂ ದನಿಯಿಂದಲೂ ಭಾವ ಗುರುತಿಸುವುದು ಕಷ್ಟ, ಅದರಲ್ಲೂ ಸಿಟ್ಟು, ದುಃಖದಂಥ ಅಹಿತಕರ ಭಾವಗಳು ಇನ್ನೂ ಕಷ್ಟ ಎಂದು ಕಂಡುಬಂತು. ದನಿಯ ಮಾತನ್ನು ಗಮನಿಸಿ. ದನಿ ಏರಿಸಿದರೆ ತಿಳಿಯುತ್ತದೆ ಎಂದು ನಿಮ್ಮವರು ಕೂಗಾಡಿ ಪ್ರಯೋಜನವಿಲ್ಲ. ತಿಳಿಯುವುದು ಪದಗಳಿಂದ.

ಇನ್ನೊಂದು ಕಾರಣವನ್ನೂ ಸಂಶೋಧಕರು ಹೇಳುತ್ತಾರೆ. ಎದುರಿನವರು ಮುಖ ಗಂಟಿಕ್ಕಿದರೆ ನಮಗೆ ತಿಳಿಯದಂತೆ ನಮ್ಮ ಹುಬ್ಬೂ ಒಂದಿಷ್ಟು ಸೇರುತ್ತದೆ. ಆ ಸಣ್ಣ ಅನುಕರಣೆಯೇ ಅವರ ಭಾವ ಅರಿಯಲು ನೆರವಾಗುತ್ತದಂತೆ. ಪಾರ್ಕಿನ್ಸನ್‌ನಲ್ಲಿ ಈ ಅನುಕರಣೆ ಕುಗ್ಗಿರುವುದನ್ನು ಮುಖದ ಸ್ನಾಯುಗಳ ವಿದ್ಯುತ್ ಅಳತೆಯಲ್ಲಿ ಕಂಡಿದ್ದಾರೆ. ಮಾವನವರ ಮುಖ ಬಿಗಿದಿರುವುದಕ್ಕೂ ನಿಮ್ಮ ಮುಖ ಅವರಿಗೆ ತಿಳಿಯದಿರುವುದಕ್ಕೂ ನಂಟಿರಬಹುದು. ಅದೊಂದೇ ಕಾರಣ ಎಂದು ಮಾತ್ರ ಯಾರೂ ಹೇಳಲಾರರು.

ಮನೆಯ ಮೊಬೈಲ್ ಪರೀಕ್ಷೆಯನ್ನು ಬಹಳ ನೆಚ್ಚಬೇಡಿ. ಭಯವನ್ನು ಆಶ್ಚರ್ಯವೆಂದು ತಿಳಿಯುವುದು ಕಾಯಿಲೆ ಇಲ್ಲದವರಲ್ಲೂ ಸಾಮಾನ್ಯ. ಎರಡರಲ್ಲೂ ಕಣ್ಣು ಅಗಲವಾಗುತ್ತದೆ, ಹುಬ್ಬು ಮೇಲೇರುತ್ತದೆ. ಎಕ್ಮನ್ ಚಿತ್ರಗಳ ಅರುವತ್ತು ಮುಖಗಳ ಪರೀಕ್ಷೆ ಎಂಬುದೊಂದಿದೆ. ಅದರಲ್ಲಿರುವವರು ಪಾಶ್ಚಾತ್ಯರು, ಚಿತ್ರಗಳು ಕಪ್ಪು ಬಿಳುಪು. ನಮ್ಮ ನಡುವಿನ ಮುಖಗಳ ಭಾವ ಗುರುತಿಸುವಷ್ಟು ಸಲೀಸಾಗಿ ಹೊರಗಿನ ಮುಖಗಳ ಭಾವ ಗುರುತಿಸಲು ಸಾಮಾನ್ಯವಾಗಿ ಆಗುವುದಿಲ್ಲ. ಆದರೆ ಸಿಟ್ಟನ್ನು "ಏನಿಲ್ಲ" ಎಂದದ್ದು ಮತ್ತು ದುಃಖವನ್ನು ನಿದ್ದೆ ಎಂದದ್ದು ಡಾಕ್ಟರಿಗೆ ಹೇಳಬೇಕಾದ ವಿಷಯಗಳೇ.

ಗುಳಿಗೆ ಹೆಚ್ಚಿಸಿದರೆ ಇದು ಸರಿಹೋಗುತ್ತದೆಯೇ ಎಂದು ನನ್ನನ್ನು ಅನೇಕರು ಕೇಳುತ್ತಾರೆ. ಅಧ್ಯಯನಗಳ ಉತ್ತರ ಒಂದೇ ತರಹ ಇಲ್ಲ. ನಡಿಗೆ ಸುಧಾರಿಸಿದಷ್ಟು ಇದು ಸುಧಾರಿಸುತ್ತದೆ ಎಂಬ ಭರವಸೆ ಕೊಡಲಾರೆ. ಮಿದುಳಿಗೆ ತಂತಿ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವರಲ್ಲಿ ಅಹಿತಕರ ಭಾವಗಳನ್ನು ಗುರುತಿಸುವುದು ಇನ್ನಷ್ಟು ಕುಗ್ಗಿದ ವರದಿಗಳೂ ಇವೆ. ಆ ಶಸ್ತ್ರಚಿಕಿತ್ಸೆಯ ಮಾತು ಬಂದರೆ ಇದನ್ನೂ ಕೇಳಿಟ್ಟುಕೊಳ್ಳಿ.

ಖಿನ್ನತೆ ಇದೆಯೇ ಎಂದು ತಪ್ಪದೆ ನೋಡಿಸಿ. ಬಿಗಿದ ಮುಖ ನೋಡಿ ಇಲ್ಲದ ಖಿನ್ನತೆ ಇದೆ ಎನ್ನುವುದೂ ಉಂಟು, ಮುಖ ಯಾವಾಗಲೂ ಹೀಗೆಯೇ ಎಂದು ಇರುವ ಖಿನ್ನತೆಯನ್ನು ಬಿಟ್ಟುಬಿಡುವುದೂ ಉಂಟು. ಮುಖ ನೋಡಿ ತೀರ್ಮಾನಿಸದೆ ಬಾಯಿಬಿಟ್ಟು ಕೇಳಬೇಕು. ನೆನಪಿನ ಪರೀಕ್ಷೆಯನ್ನು ಅವರು ಶಾಲೆ ಕಲಿತ ಭಾಷೆಯಲ್ಲೇ ಮತ್ತೊಮ್ಮೆ ಮಾಡಿಸಿ. ಕಾಸರಗೋಡಿನಿಂದ ಬರುವ ಹಿರಿಯರಲ್ಲಿ ಇದನ್ನು ನಾನು ಮತ್ತೆ ಮತ್ತೆ ನೋಡುತ್ತೇನೆ. ಕನ್ನಡ ಶಾಲೆಯಲ್ಲಿ ಮಗ್ಗಿ ಕಲಿತವರನ್ನು ಮಲಯಾಳದಲ್ಲಿ ಲೆಕ್ಕ ಕೇಳಿ ಮರೆವು ಎಂದು ಬರೆದುಬಿಡುತ್ತಾರೆ.

ಉಪ್ಪಳದ ಗೃಹಿಣಿ

ಎಲ್ಲರೂ ರೋಗಿಯ ಪರವಾಗಿಯೇ ಬರೆದಿದ್ದೀರಿ. ಒಂದು ಮಾತು ನಮ್ಮ ಪರವಾಗಿಯೂ ಇರಲಿ. ನನ್ನ ಗಂಡನಿಗೂ ಇದೇ ಕಾಯಿಲೆ. ಅವರಿಗೆ ನನ್ನ ಮುಖ ಕಾಯಿಲೆ ಬರುವ ಮೊದಲೂ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯುವುದಿಲ್ಲ. ಈಗ ಅದಕ್ಕೊಂದು ವೈದ್ಯಕೀಯ ಕಾರಣ ಸಿಕ್ಕಿತು, ಅಷ್ಟೇ. ಎಲ್ಲವನ್ನೂ ಡೋಪಮಿನ್ ತಲೆಗೆ ಕಟ್ಟಬೇಡಿ. ಬಾಯಿಬಿಟ್ಟು ಹೇಳಿ ಎನ್ನುವುದು ಸುಲಭ. ಬೆಳಗಿನಿಂದ ರಾತ್ರಿಯವರೆಗೆ ಗುಳಿಗೆ, ಸ್ನಾನ, ಊಟ ನೋಡಿಕೊಂಡು, ಅದರ ಮೇಲೆ ನನಗೆ ಬೇಸರವಾಗಿದೆ ಎಂದು ನಾವೇ ಘೋಷಿಸಿಕೊಳ್ಳಬೇಕು. ಹೇಳದೆಯೇ ಒಬ್ಬರು ತಿಳಿದುಕೊಳ್ಳಲಿ ಎಂಬ ಆಸೆ ನಮಗಿರಬಾರದೇ?

ಮುಳ್ಳೇರಿಯದ ಮಾಸ್ತರ

ಇರಬೇಕು. ಆದರೆ ಆ ಕೆಲಸವನ್ನು ಮನೆಯಲ್ಲಿ ಬೇರೆ ಯಾರಾದರೂ ಮಾಡಬೇಕು, ಮಕ್ಕಳು, ತಂಗಿಯರು, ನೆರೆಯವರು. ನನ್ನ ಹೆಂಡತಿಗೆ ವಾರಕ್ಕೊಮ್ಮೆ ಆದೂರಿನ ಅಕ್ಕನ ಮನೆ ಇದೆ. ಅಲ್ಲಿ ಅವಳು ಬಾಯಿ ಬಿಡುವ ಅಗತ್ಯವೇ ಇಲ್ಲ. ನನ್ನ ಮೇಲಿನ ದೂರುಗಳೆಲ್ಲ ಅಲ್ಲಿ ಸಲ್ಲಿಕೆಯಾಗುತ್ತವೆ ಎಂದು ಕೇಳಿದ್ದೇನೆ. ಅದು ಆಗಲೇಬೇಕಾದದ್ದು.

ಮೊದಲಿನಿಂದಲೂ ಹೀಗಿದ್ದರು ಎಂಬ ನಿಮ್ಮ ಮಾತನ್ನು ಒಪ್ಪುತ್ತೇನೆ. ಕಾಯಿಲೆ ಬಂದ ಮಾತ್ರಕ್ಕೆ ಗಂಡಸರೆಲ್ಲ ಹಿಂದೆ ಸಹೃದಯರಾಗಿದ್ದರು ಎಂದಾಗುವುದಿಲ್ಲ. ಪೆರ್ಲದ ಮಾವನ ವಿಷಯದಲ್ಲಿ ಮಾತ್ರ ಅವರ ಹಿಂದಿನ ದಾಖಲೆ ಚೆನ್ನಾಗಿದೆ. ಮುಖ ಓದಿಯೇ ಹೊಟ್ಟೆ ಹೊರೆದ ಮನುಷ್ಯ ಅವರು. ಬದಲಾದದ್ದು ಎದ್ದು ಕಾಣುವುದು ಅದಕ್ಕೇ.

ಪೆರ್ಲದ ಸೊಸೆ

ಎಲ್ಲರಿಗೂ ಧನ್ಯವಾದ. ಉಪ್ಪಳದ ಅಕ್ಕ, ನಿಮ್ಮ ಮಾತು ನನಗೆ ನಾಟಿತು. ನಮ್ಮ ಅತ್ತೆಯೂ ಇದನ್ನೇ ಬೇರೆ ಪದಗಳಲ್ಲಿ ಹೇಳುತ್ತಾರೆ. ಅಮ್ಮ ಈಗ ವಾರ್ಡಿಗೆ ಬಂದಿದ್ದಾರೆ, ಉಸಿರಾಟ ಸುಧಾರಿಸಿದೆ.

ಮಾಸ್ತರರ ಉತ್ತರವನ್ನು ಗಂಡನಿಗೆ ಓದಿ ಹೇಳಿದೆ. ಲಕೋಟೆಯ ಸಾಲು ಬಂದಾಗ ಮೊಬೈಲನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ಓದಿದರು. ಏನೂ ಹೇಳಲಿಲ್ಲ. ಮರುದಿನ ತೋಟದ ಕೆಲಸದವರ ಸಂಬಳದ ವಿಷಯದಲ್ಲಿ ಅಪ್ಪ ಮಗನಿಗೆ ಮಾತು ಬೆಳೆಯಿತು. ಯಾವಾಗಲೂ ಆದರೆ ಗಂಡ ಮುಖ ಕೆಂಪಗೆ ಮಾಡಿಕೊಂಡು ಎದ್ದು ಹೋಗುತ್ತಿದ್ದರು, ಮಾವ ಅದೇ ವಿಷಯವನ್ನು ಎಳೆಯುತ್ತಿದ್ದರು. ಆ ದಿನ ಗಂಡ ಎದುರು ಕುಳಿತು "ಅಪ್ಪ, ನನಗೆ ಈಗ ಸಿಟ್ಟು ಬಂದಿದೆ" ಎಂದರು. ಹೇಳುವಾಗ ಅವರಿಗೇ ಮುಜುಗರ. ಮಾವ ಮಾತು ನಿಲ್ಲಿಸಿದರು. ಸ್ವಲ್ಪ ಹೊತ್ತು ನೋಡಿ, "ಸಂಬಳದ ಮಾತಿಗೋ, ನಾನು ಎಲ್ಲರ ಎದುರು ಹೇಳಿದ್ದಕ್ಕೋ?" ಎಂದು ಕೇಳಿದರು. ಹಳೆಯ ವ್ಯಾಪಾರಿಯ ಪ್ರಶ್ನೆಯೇ ಅದು. ಅವರು ಕೇಳಿದ ಎರಡನೆಯದೇ ಸರಿಯಾಗಿತ್ತು.

ಚಾವಡಿಯ ವಿಷಯವನ್ನೂ ಯೋಚಿಸಿದೆ. ಆ ಹೊತ್ತಿಗೆ ಅಂಗಳದ ಬಿಸಿಲು ನನ್ನ ಬೆನ್ನ ಹಿಂದಿನಿಂದ ಬರುತ್ತಿತ್ತು, ನನ್ನ ಮುಖ ಅವರಿಗೆ ಕತ್ತಲಲ್ಲೇ ಇದ್ದಿರಬೇಕು. ಅವರ ಕುರ್ಚಿಯನ್ನು ಈಗ ಕಿಟಕಿಗೆ ಬೆನ್ನು ಬರುವಂತೆ ತಿರುಗಿಸಿ ಇಟ್ಟಿದ್ದೇವೆ, ಬಂದವರ ಮುಖಕ್ಕೆ ಬೆಳಕು ಬೀಳುವಂತೆ.

ಮುಂದಿನ ವಾರ ಡಾಕ್ಟರ ಭೇಟಿ ಇದೆ, ಮಧ್ಯಾಹ್ನ ಮೂರು ಗಂಟೆಗೆ. ಮಾವನ ಮಧ್ಯಾಹ್ನದ ಗುಳಿಗೆ ಒಂದೂವರೆಗೆ. ನೆನಪಿನ ಪರೀಕ್ಷೆ ಆ ಹೊತ್ತಿನಲ್ಲಿ ಮಾಡಿಸಿದರೆ ಸರಿಯೇ, ಬೆಳಗ್ಗೆಯ ಸಮಯ ಕೇಳಬೇಕೇ? ಶಿಬಿರದ ಹಳೆಯ ಚೀಟಿಯನ್ನೂ ತರಬೇಕೇ?

ಮಂಜೇಶ್ವರದವಳು

ಮೂರು ಗಂಟೆ ಆಗಬಹುದು, ಗುಳಿಗೆ ಹಿಡಿದಿರುವ ಹೊತ್ತಿನಲ್ಲಿ ಪರೀಕ್ಷೆ ಆದರೆ ಒಳ್ಳೆಯದು. ಗುಳಿಗೆ ಸಾಮಾನ್ಯವಾಗಿ ಅರ್ಧದಿಂದ ಒಂದು ಗಂಟೆಯೊಳಗೆ ಹಿಡಿಯುತ್ತದೆ. ಮೀನು, ಮೊಟ್ಟೆ, ಬೇಳೆ ಜಾಸ್ತಿ ಇರುವ ಊಟದ ಜೊತೆಗೇ ನುಂಗಿದರೆ ತಡವಾಗುತ್ತದೆ. ಆ ದಿನ ಊಟಕ್ಕೆ ಅರ್ಧ ಗಂಟೆ ಮೊದಲು ಗುಳಿಗೆ ಕೊಡಿ. ಪೆರ್ಲದಿಂದ ಬಸ್ಸಿನಲ್ಲಿ ಬರುವುದಾದರೆ ಗುಳಿಗೆಯ ಹೊತ್ತು ದಾರಿಯಲ್ಲೇ ಆಗಬಹುದು, ನೀರಿನ ಬಾಟಲಿ ಕೈಚೀಲದ ಮೇಲ್ಭಾಗದಲ್ಲಿರಲಿ. ಶಿಬಿರದ ಚೀಟಿ ತನ್ನಿ, ಯಾವ ಭಾಷೆಯಲ್ಲಿ ಕೇಳಿದರೆಂದು ಅದರ ಮೇಲೆಯೇ ಬರೆಯಿರಿ. ಕೊನೆಯ ಗುಳಿಗೆ ಎಷ್ಟು ಹೊತ್ತಿಗೆ ತೆಗೆದುಕೊಂಡರೆಂದು ಪರೀಕ್ಷೆ ಮಾಡುವವರಿಗೆ ಮೊದಲೇ ತಿಳಿಸಿ. ಓದುವ ಕನ್ನಡಕವನ್ನು ಮನೆಯಲ್ಲೇ ಬಿಟ್ಟು ಬರುವವರು ಬಹಳ ಮಂದಿ, ಅದನ್ನೂ ನೋಡಿಕೊಳ್ಳಿ.